ಗುಬ್ಬಿ ಲೈನಿನ ಆರೋಗ್ಯ ವಿಚಾರಣೆ

ಹೆಪ್ಪು ಹಾಕಿದ ಹಾಲನ್ನು ಅಲ್ಲಾಡಿಸಿ ನೋಡುವವರ ಪಂಗಡಕ್ಕೆ ಸೇರಿದವಳು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು, ತಟ್ಟೆ ಮುಚ್ಚಿ, ಬೇರೆ ಕೆಲಸ ನೋಡಿಕೊಳ್ಳುವುದು ಲೋಕರೂಢಿ. ನನ್ನಿಂದ ಅದಾಗದು. ಗಂಟೆಗೊಂದು ಸಲ ತಟ್ಟೆ ಎತ್ತಿ, ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ, "ಆಯ್ತಾ?" ಎಂದು ವಿಚಾರಿಸದಿದ್ದರೆ ಜೀವ ನಿಲ್ಲುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಮೊಸರು ಎಂಬ ಹೆಸರಿನಿಂದ ಬಡಿಸುವುದು, ಮೊಸರೂ ಅಲ್ಲದ ಮಜ್ಜಿಗೆಯೂ ಅಲ್ಲದ, ಇನ್ನೂ ಮನಸ್ಸು ಗಟ್ಟಿಮಾಡಿಕೊಳ್ಳದ ಒಂದು ಪದಾರ್ಥ. ನಮ್ಮ ಯಜಮಾನರು ಇಪ್ಪತ್ತೆರಡು ವರ್ಷದಿಂದ ಅದನ್ನೇ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದಾರೆ. ಅವರು ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರು ಮನೆ ಬಿಟ್ಟ ಮೇಲೆ ನನ್ನ ಫೋನು ಶುರುವಾಗುತ್ತದೆ. "ಸೀಟ್ ಸಿಕ್ತಾ?" "ಹೆಬ್ಬೂರು ದಾಟಿದ್ರಾ?" "ತಲುಪಿದ್ರಾ?" "ಊಟದ ಡಬ್ಬಿ ತೆಗೆದ್ರಾ?" "ಮುಚ್ಚಿದ್ರಾ?" ಎಲ್ಲದಕ್ಕೂ ಅವರದು ಒಂದೇ "ಹ್ಞೂಂ". ಎಷ್ಟೋ ದಿನ ಹನ್ನೊಂದು ಗಂಟೆಯಿಂದ ಒಂದರವರೆಗೆ ಅವರ ಫೋನು ಸ್ವಿಚ್ ಆಫ್ ಆಗಿರುತ್ತದೆ. "ಸ್ಕೂಲಲ್ಲಿ ಟವರ್ ಸರಿಯಿಲ್ಲ ಕಣೇ" ಅನ್ನುತ್ತಾರೆ. ನನ್ನ ಕಸುಬೇ ನೆಟ್‌ವರ್ಕಿನದಾದ್ದರಿಂದ ಟವರುಗಳ ಕಷ್ಟ ನನಗೆ ಅರ್ಥವಾಗುತ್ತದೆ. ನಂಬಿದ್ದೆ.

ಕಸುಬು ಅಂದೆನಲ್ಲ, ನಾನು ತುಮಕೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸಿಸ್ಟಂ ಇನ್‌ಚಾರ್ಜು. ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ, ವಸಂತನರಸಾಪುರದ ಫ್ಯಾಕ್ಟರಿಗಳ ನಡುವೆ ನಮ್ಮದು ಒಂದೊಂದು ಸಣ್ಣ ಸೆಂಟರ್ ಇದೆ. ಅಲ್ಲಿ ಜನರ ರಕ್ತ ತೆಗೆದು ಬಸ್ಸಿನಲ್ಲಿ ಇಲ್ಲಿಗೆ ಕಳಿಸುತ್ತಾರೆ. ಇಲ್ಲಿ ಪರೀಕ್ಷೆಯಾಗಿ ರಿಪೋರ್ಟು ನೆಟ್ಟಿನಲ್ಲಿ ಗುಬ್ಬಿಗೂ ಕುಣಿಗಲ್ಲಿಗೂ ವಾಪಸು ಹೋಗಿ ಅಲ್ಲಿ ಪ್ರಿಂಟಾಗುತ್ತದೆ. ಫ್ಯಾಕ್ಟರಿಯವರದು ಮಾತ್ರ ಇಲ್ಲೇ ಪ್ರಿಂಟಾಗಿ ಬಸ್ಸಿನಲ್ಲಿ ಹೋಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ, ಕಂಡಕ್ಟರನ ಸೀಟಿನ ಕೆಳಗೆ ಕೂತು ಬರುವ ರಕ್ತ ಒಂದು ದಿನವೂ ತಪ್ಪಿಲ್ಲ. ಬೆಳಕಿನ ವೇಗದಲ್ಲಿ ಹೋಗುತ್ತದೆ ಅನ್ನುತ್ತಾರಲ್ಲ, ಆ ರಿಪೋರ್ಟೇ ತಪ್ಪುವುದು. ಅದು ತಪ್ಪದ ಹಾಗೆ ನೋಡಿಕೊಳ್ಳಲು ಸಂಬಳ ಕೊಟ್ಟು ನನ್ನನ್ನು ಇಟ್ಟುಕೊಂಡಿದ್ದಾರೆ.

ನೋಡಿಕೊಳ್ಳುವುದು ಅಂದರೆ ಅಕ್ಷರಶಃ ನೋಡುವುದೇ. ನನ್ನ ಮುಂದೆ ಒಂದು ಕಪ್ಪು ಪರದೆ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ನಾನು ಒಂದು ಪದ ಟೈಪು ಮಾಡುತ್ತೇನೆ, ಯಂತ್ರ ಸಾಲುಸಾಲಾಗಿ ಅಂಕಿ ಉದುರಿಸುತ್ತದೆ. ನಮ್ಮ ರಿಸೆಪ್ಷನ್ನಿನ ಹುಡುಗಿಯ ಪರದೆಯಲ್ಲಿ ಹೂವು, ಹಕ್ಕಿ, ಬಣ್ಣಬಣ್ಣದ ಕಿಟಕಿಗಳೆಲ್ಲ ಇರುವುದರಿಂದ ಅವಳು ಕೆಲಸ ಮಾಡುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಾಗುತ್ತದೆ. ನನ್ನ ಹತ್ತಿರ ಬಂದವರು ಮಾತ್ರ ಮರುಕದಿಂದ ನೋಡುತ್ತಾರೆ. ಲ್ಯಾಬಿನ ಮಾಲೀಕರಾದ ಡಾಕ್ಟರ್ ಸಾಹೇಬರು ಸೇರಿದ ಹೊಸದರಲ್ಲಿ ದಿನಾ ಬೆಳಿಗ್ಗೆ, "ಏನಮ್ಮಾ, ನಿಮ್ಮ ಕಂಪ್ಯೂಟರ್ ಇನ್ನೂ ಆನ್ ಆಗಿಲ್ವಾ?" ಅಂತ ಕೇಳಿಕೊಂಡೇ ಒಳಗೆ ಹೋಗುತ್ತಿದ್ದರು. ಸೇರಿದ್ದು ನಾನು, ಅವರಲ್ಲ. ಅವರ ಲ್ಯಾಬಿಗೆ ಅವರು ಸೇರುವುದೇನು ಬಂತು. ನೋಡಿ, ಅವರ ಹೆಸರೆತ್ತಿದರೆ ನನ್ನ ವಾಕ್ಯವೂ ತಡವರಿಸುತ್ತದೆ.

ಆ ಕಪ್ಪು ಪರದೆಯಲ್ಲಿ ನನಗೆ ಪ್ರಿಯವಾದ ಕೆಲವು ಆಜ್ಞೆಗಳಿವೆ. ಟಾಪ್ ಎಂದು ಹೊಡೆದರೆ ಯಂತ್ರದೊಳಗೆ ಯಾವ ಕೆಲಸ ಎಷ್ಟು ಶಕ್ತಿ ತಿನ್ನುತ್ತಿದೆ ಎಂಬುದು, ಊಟದ ಪಂಕ್ತಿಯಲ್ಲಿ ಜಾಸ್ತಿ ತಿನ್ನುವವರನ್ನು ಮೊದಲ ಎಲೆಗೆ ಕೂರಿಸಿದ ಹಾಗೆ, ಮೇಲಿನಿಂದ ಕೆಳಕ್ಕೆ ಕಾಣುತ್ತದೆ. ಅಪ್‌ಟೈಮ್ ಎಂದರೆ, ಯಂತ್ರ ಎಷ್ಟು ದಿನದಿಂದ ಒಮ್ಮೆಯೂ ಮಲಗದೆ ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮಮ್ಮನ ನೆನಪಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಪ್ರೀತಿ ನನಗೆ ಪಿಂಗ್ ಮೇಲೆ. ಬೆಳ್ಳಾವಿಯಲ್ಲಿ ನಮ್ಮಜ್ಜಿ ಹಿತ್ತಲಿನ ಗೋಡೆಯ ಹತ್ತಿರ ನಿಂತು, "ಗೌರಕ್ಕಾ, ಇದೀಯಾ?" ಎಂದು ಕೂಗುತ್ತಿದ್ದಳು. ಆ ಕಡೆಯಿಂದ, "ಇದೀನಿ ಕಣೇ" ಎಂದು ಉತ್ತರ ಬರುತ್ತಿತ್ತು. ಅಷ್ಟೇ. ಮುಂದೆ ಮಾತಿಲ್ಲ, ಸಕ್ಕರೆ ಸಾಲ ಕೇಳುವುದೂ ಇಲ್ಲ. ಇದ್ದಾಳೆ ಅಂತ ಗೊತ್ತಾದರೆ ಅಜ್ಜಿಗೆ ಸಾಕು. ಪಿಂಗ್ ಎಂದರೆ ಅದೇ. ತುಮಕೂರಿನಿಂದ ನಾನು "ಇದೀಯಾ?" ಎನ್ನುತ್ತೇನೆ, ಗುಬ್ಬಿ ಸೆಂಟರಿನ ಗೋಡೆಗೆ ಹೊಡೆದಿರುವ ನೆಟ್ ಬಾಕ್ಸು "ಇದೀನಿ" ಎನ್ನುತ್ತದೆ. ಎಷ್ಟು ಹೊತ್ತಿಗೆ ಉತ್ತರ ಬಂತು ಎಂಬುದನ್ನೂ ಯಂತ್ರ ಬರೆದಿಡುತ್ತದೆ. ಇಂಥ ಒಂದು ಸೌಲಭ್ಯವನ್ನು ನನ್ನಂಥವಳ ಕೈಗೆ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ಒಂದು ದಿನ ಹುಲ್ಲು ತುಂಬಿದ ಲಾರಿಯೊಂದು ಗುಬ್ಬಿಯಲ್ಲಿ ನಮ್ಮ ಕೇಬಲ್ಲನ್ನು ತಗುಲಿಸಿಕೊಂಡು ಹೋಯಿತು. ಇಡೀ ದಿನ ಲೈನಿಲ್ಲ. ಸಾಹೇಬರು ಕೇಳುವ ತನಕ ನನಗೆ ಅದು ಗೊತ್ತೂ ಇಲ್ಲ. "ಲೈನ್ ಹೋದ್ರೆ ಮೊದಲು ಗೊತ್ತಾಗಬೇಕಾದ್ದು ಯಾರಿಗೆ? ನಿಮಗೋ, ಹುಲ್ಲಿನ ಲಾರಿಯವನಿಗೋ?" ಅಂದರು. ಅವಮಾನವಾಯಿತು. ಮುಂದಿನ ಸೋಮವಾರದಿಂದಲೇ ನಾನು ಗುಬ್ಬಿ ಮತ್ತು ಕುಣಿಗಲ್ಲಿಗೆ ಸೆಕೆಂಡಿಗೊಂದು ಪಿಂಗ್ ಕಳಿಸಲು ಯಂತ್ರಕ್ಕೆ ಹೇಳಿಟ್ಟು, ಪರದೆಯ ಮುಂದೆ ಕಾವಲು ಕೂತೆ.

ಎರಡನೇ ದಿನಕ್ಕೇ ಕಳ್ಳ ಸಿಕ್ಕಿದ. ಬೆಳಿಗ್ಗೆ ಹತ್ತು ಐವತ್ತಕ್ಕೆ ಗುಬ್ಬಿ ಮೌನವಾಯಿತು. ಇಪ್ಪತ್ತು ನಿಮಿಷ "ಇದೀಯಾ, ಇದೀಯಾ" ಎಂದರೂ ಉತ್ತರವಿಲ್ಲ. ಆಮೇಲೆ ಏನೂ ಆಗದವರ ಹಾಗೆ, "ಇದೀನಿ". ಮಾರನೆಯ ದಿನವೂ ಅಷ್ಟೇ. ಕುಣಿಗಲ್ ನೋಡಿದರೆ ಚಿನ್ನ, ಕೇಳಿದ ಒಂದೊಂದು ಸಲಕ್ಕೂ ಠಣ್ ಅಂತ ಉತ್ತರ. ನನಗೆ ಹಟ ಬಂತು. ಗುಬ್ಬಿಯದನ್ನು ಸೆಕೆಂಡಿಗೆ ಎರಡು ಪಿಂಗ್ ಮಾಡಿದೆ. ಗುಬ್ಬಿ ಅರ್ಧ ಗಂಟೆ ಮಲಗಿತು. ಸೆಕೆಂಡಿಗೆ ಐದು ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದು ನಿದ್ದೆ ಶುರುಮಾಡಿತು. ನಾನು ನೋಡಿದಷ್ಟೂ ಲೈನು ಕೆಡುತ್ತಿತ್ತು, ಕೆಟ್ಟಷ್ಟೂ ನಾನು ನೋಡುತ್ತಿದ್ದೆ. ಇದರ ನಡುವೆ ಗುಬ್ಬಿಯ ಗಂಗಾಧರಯ್ಯನವರ ಫೋನು ಬೇರೆ. "ಮೇಡಂ, ಒಂದ್ ವಿಸ್ಯ ಕೇಳ್ಬೇಕಿತ್ತು" ಅಂದರು. "ಗಂಗಾಧರಯ್ಯನೋರೇ, ನಾನೀಗ ನಿಮ್ಮ ಲೈನೇ ನೋಡ್ತಾ ಇದೀನಿ, ತುಂಬಾ ಬ್ಯುಸಿ, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟೆ. ಲೈನು ನೋಡುವವಳಿಗೆ ಲೈನಿನ ಆ ತುದಿಯಲ್ಲಿರುವ ಮನುಷ್ಯನ ಹತ್ತಿರ ಮಾತಾಡಲು ಪುರುಸೊತ್ತೆಲ್ಲಿ?

ಗಂಗಾಧರಯ್ಯನವರ ಬಗ್ಗೆ ಹೇಳಬೇಕು. ಗುಬ್ಬಿ ಸೆಂಟರಿನ ಕೌಂಟರು, ಕಂಪ್ಯೂಟರು, ಪ್ರಿಂಟರು, ಬಾಗಿಲಿನ ಬೀಗ ಎಲ್ಲವೂ ಅವರೇ. ಹಣೆಯ ಮೇಲೆ ಮೂರೆಳೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಗುಬ್ಬಿಗೆ ಎರಡು ಮೈಲಿ ದೂರದ ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುತ್ತಾರೆ. ಮನೆಯಲ್ಲಿ ಮಂಡಿನೋವಿನ ಹೆಂಡತಿ, ಎರಡು ಹಸು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಏಳಕ್ಕೆ ಸೆಂಟರ್ ತೆಗೆಯುತ್ತಾರೆ, ಮಧ್ಯಾಹ್ನ ಮನೆಗೆ ಹೋಗಿ ಹೆಂಡತಿಗೆ ಊಟಕ್ಕಿಟ್ಟು ಬರುತ್ತಾರೆ. ಕೆಲಸ ಬಿಡಲು ಇನ್ನೆರಡು ವರ್ಷವಿದೆ. ಇಂಥವರ ಮೇಲೆ ಅನುಮಾನ ಪಡಲು ನನಗೂ ಮನಸ್ಸಿರಲಿಲ್ಲ. ಆದರೆ ಒಬ್ಬ ಊರಗೌಡರ ಅತ್ತೆಯ ಥೈರಾಯಿಡ್ ರಿಪೋರ್ಟು ಸರಿಯಾಗಿ ಆ ಹತ್ತು ಐವತ್ತರ ನಿದ್ದೆಯಲ್ಲೇ ಸಿಕ್ಕಿಕೊಂಡಿತು. ಗೌಡರು ಸಾಹೇಬರಿಗೆ ಫೋನು ಮಾಡಿದರು, ಸಾಹೇಬರು ನನ್ನನ್ನು ಕರೆದರು, ನಾನು ಹೆಮ್ಮೆಯಿಂದ ಮೂರು ಪುಟದ ವರದಿ ಮುಂದಿಟ್ಟೆ. ಕೆಂಪು ಗೆರೆಯ ನಕ್ಷೆ ಗುಬ್ಬಿಯದು, ಹಸಿರು ಗೆರೆಯದು ಕುಣಿಗಲ್ಲಿನದು. ಕುಣಿಗಲ್ಲಿಗೆ "ಮಾದರಿ ಸೆಂಟರ್" ಎಂದು ಕೆಳಗೆ ಒಂದು ಷರಾ ಕೂಡ ಬರೆದಿದ್ದೆ.

ಸಾಹೇಬರು ನಕ್ಷೆಯ ಮೇಲೆ ಬೆರಳಿಟ್ಟು, "ಯಾರೋ ದಿನಾ ಇದೇ ಹೊತ್ತಿಗೆ ಆಫ್ ಮಾಡ್ತಿದಾರೆ. ಟೀ ಕುಡಿಯೋಕೆ ಹೋಗ್ತಾ ಮೇನ್ ಸ್ವಿಚ್ ತೆಗೀತಾರೋ ಏನೋ. ಗಂಗಾಧರಯ್ಯನ್ನ ಒಂದನೇ ತಾರೀಕಿಂದ ವಸಂತನರಸಾಪುರಕ್ಕೆ ಹಾಕೋಣ. ಅಲ್ಲಿ ಕಂಪ್ಯೂಟರ್ ಮುಟ್ಟೋ ಕೆಲಸ ಇಲ್ಲ, ಬರೀ ಬಾಟಲಿಗೆ ಚೀಟಿ ಅಂಟಿಸೋದು" ಅಂದರು. ವಸಂತನರಸಾಪುರ ಎಂದರೆ ಎರಡು ಬಸ್ಸು. ಶಿಫ್ಟಿನ ಜನಕ್ಕಾಗಿ ಬೆಳಿಗ್ಗೆ ಆರಕ್ಕೇ ತೆಗೆಯುವ ಸೆಂಟರು. ಹಸು, ಹಾಲು, ಮಧ್ಯಾಹ್ನದ ಊಟ, ಮಂಡಿನೋವು ಎಲ್ಲ ಒಂದೇ ಏಟಿಗೆ ನನ್ನ ಕಣ್ಮುಂದೆ ಬಂದವು. ಬಾಯಿ ಬಿಡಲಿಲ್ಲ. ನಾನೇನು ಮಾಡಲಿ, ಅಂಕಿ ಹೇಳುತ್ತಿದೆ, ನಾನಲ್ಲ ಎಂದುಕೊಂಡೆ. ಅಂಕಿಗಳ ಒಂದು ಅನುಕೂಲ ಇದೇ. ನಮ್ಮ ಚಾಡಿಯನ್ನು ಅವು ತಮ್ಮ ಬಾಯಲ್ಲಿ ಹೇಳುತ್ತವೆ.

ಒಂದನೇ ತಾರೀಕಿಗೆ ನಾಲ್ಕು ದಿನ ಇರುವಾಗ ಸಾಹೇಬರು ನನ್ನನ್ನೇ ಗುಬ್ಬಿಗೆ ಕಳಿಸಿದರು. ಹೊಸಬರು ಬರುವ ಮೊದಲು ಅಲ್ಲಿನ ಕಂಪ್ಯೂಟರೂ ಬಾಕ್ಸೂ ನೆಟ್ಟಗಿವೆಯೇ ಎಂದು ನೋಡಿ ಬರಬೇಕಿತ್ತು. ತುಮಕೂರಿನ ಯಂತ್ರದಲ್ಲಿ ಪಿಂಗ್ ಓಡುತ್ತಲೇ ಇರಲಿ ಎಂದು ಬಿಟ್ಟು, ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಹೆಗ್ಗೆರೆ ದಾಟುವ ಹೊತ್ತಿಗೆ, ಅವರು ಅತ್ತರೆ ಏನು ಹೇಳಬೇಕು ಎಂದು ಯೋಚಿಸಿದೆ. ಮಲ್ಲಸಂದ್ರ ದಾಟುವಾಗ, ಬೈದರೆ ಏನು ಹೇಳಬೇಕು ಎಂದು ಯೋಚಿಸಿದೆ. ಗಂಗಾಧರಯ್ಯನವರು ಎರಡೂ ಮಾಡಲಿಲ್ಲ. "ಬನ್ನಿ ತಾಯಿ, ಕೂತ್ಕಳಿ. ಮಜ್ಗೆ ತಂದಿವ್ನಿ ಮನೆಯಿಂದ" ಎಂದು ಫ್ಲಾಸ್ಕಿನ ಮುಚ್ಚಳಕ್ಕೆ ಮಜ್ಜಿಗೆ ಬಗ್ಗಿಸಿ ಕೊಟ್ಟರು. ಅದು ನಿಜವಾದ ಮೊಸರನ್ನು ಕಡೆದ ಮಜ್ಜಿಗೆ. ನಾಚದೆ ಎರಡನೇ ಸಲವೂ ಕೇಳಿ ಹಾಕಿಸಿಕೊಂಡೆ.

ಖಾಲಿ ಹೊಟ್ಟೆಯ ರಕ್ತ ಕೊಡುವವರೆಲ್ಲ ಬೆಳಿಗ್ಗೆ ಹತ್ತೂವರೆಗೇ ಮುಗಿದಿದ್ದರು. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಸಕ್ಕರೆ ಪರೀಕ್ಷೆಗೆ ಬರುವವರು ಇನ್ನೂ ಬಂದಿರಲಿಲ್ಲ. ಸೆಂಟರು ಖಾಲಿ. ಗೋಡೆಯ ಮೇಲೆ ನೆಟ್ ಬಾಕ್ಸು, ಅದಕ್ಕೂ ಮೂರೆಳೆ ವಿಭೂತಿ. ಅದರ ಹಸಿರು ದೀಪ ಒಂದೇ ಸಮನೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಗಡಿಯಾರದಲ್ಲಿ ಹತ್ತು ಐವತ್ತು. ಗಂಗಾಧರಯ್ಯನವರು ಎದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈ ಹಿಂಬದಿಯಿಂದ ಬಾಕ್ಸನ್ನು ಮುಟ್ಟಿ ನೋಡಿದರು. "ಪಾಪ" ಅಂದರು. ನನ್ನ ಕಣ್ಣೆದುರಿಗೇ, ನಿಧಾನವಾಗಿ, ಸ್ವಿಚ್ ಆಫ್ ಮಾಡಿದರು.

"ಗಂಗಾಧರಯ್ಯನೋರೇ! ಏನ್ ಮಾಡ್ತಿದೀರಾ?"

"ರೆಸ್ಟ್ ಕೊಡ್ತಿದೀನಿ ತಾಯಿ."

"ಯಾರಿಗೆ?"

"ಇದುಕ್ಕೇ. ನೋಡಿ, ಪೇಷಂಟೂ ಇಲ್ಲ, ರಿಪೋಲ್ಟೂ ಇಲ್ಲ, ನಾನು ಕಂಪೂಟ್ರು ಮುಟ್ಟೂ ಇಲ್ಲ. ಆದ್ರೂ ಹೆಂಗ್ ಹೊಡ್ಕತಾ ಐತೆ ನೋಡುದ್ರಾ ದೀಪ? ನೀರಿಲ್ದೆ ಮೋಟ್ರು ಓಡ್ದಂಗೆ ಅಲ್ವ್ರಾ ಇದು? ಬೋರ್‌ವೆಲ್‌ನಾಗೆ ನೀರ್ ಕೆಳಕ್ಕೋಗಿ ಬರೀ ಮೋಟ್ರು ಓಡುದ್ರೆ ಕಾಯಿಲ್ ಸುಟ್ಟೋಯ್ತದೆ. ನಮ್ಮನೇದು ಎರಡ್ ಸಲ ಸುಟ್ಟೈತೆ. ಅದುಕ್ಕೇ ಆಫ್ ಮಾಡಿ, ತಣ್ಣಗಾದ್ಮೇಲೆ ಬುಡ್ತೀನಿ. ಸಾಹೇಬ್ರ ಸಾಮಾನು, ನಮ್ ಕೈನಾಗೆ ಸುಟ್ಟೋಗ್ಬಾರ್ದು ನೋಡಿ."

ಕೆಲಸವಿಲ್ಲದಿದ್ದರೂ ದೀಪ ಹೊಡೆದುಕೊಳ್ಳುವುದೇಕೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಈ ಪ್ರಪಂಚದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ತುಮಕೂರಿನಲ್ಲಿ ನನ್ನ ಯಂತ್ರ ಸೆಕೆಂಡಿಗೆ ಐದು ಸಲ "ಇದೀಯಾ" ಅನ್ನುತ್ತಿತ್ತು, ಈ ಬಡಪಾಯಿ ಬಾಕ್ಸು ಐದು ಸಲವೂ ದೀಪ ಮಿಟುಕಿಸಿ "ಇದೀನಿ" ಅನ್ನುತ್ತಿತ್ತು. ಆ ಮಿಟುಕು ನೋಡಿ ಗಂಗಾಧರಯ್ಯನವರಿಗೆ ಕರುಣೆ ಬಂದು ಆಫ್ ಮಾಡುತ್ತಿದ್ದರು. ಆಫ್ ಆಯಿತಲ್ಲ ಎಂದು ನನಗೆ ಸಿಟ್ಟು ಬಂದು ಇನ್ನೂ ಜಾಸ್ತಿ ಕೇಳುತ್ತಿದ್ದೆ. ಮೂರು ವಾರ ನಾವಿಬ್ಬರೂ ಹೀಗೆ, ಅಗ್ರಹಾರದ ಎರಡು ತುದಿಯ ಬೀಗಿತ್ತಿಯರ ಹಾಗೆ, ಜಗಳವೆಂದು ಇಬ್ಬರಿಗೂ ಗೊತ್ತಿಲ್ಲದೆ ಜಗಳವಾಡಿದ್ದೆವು.

"ನನಗೊಂದು ಮಾತು ಹೇಳಬಾರದಿತ್ತಾ?" ಅಂದೆ. ತಪ್ಪು ನಮ್ಮದೆಂದು ಗೊತ್ತಾದ ಕೂಡಲೇ ಎದುರಿನವರನ್ನು ಗದರುವುದು ನನ್ನ ಹಳೆಯ ಪದ್ಧತಿ.

ಅವರು ಮೇಜಿನ ಡ್ರಾಯರ್ ಎಳೆದರು. ಅದರೊಳಗೆ ಮೇಲೆಯೇ ವರ್ಗಾವಣೆಯ ಕಾಗದ ಮಡಿಸಿಟ್ಟಿತ್ತು. ಅದರ ಕೆಳಗಿನಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಸ್ಕೇಲು ಇಟ್ಟು ಗೆರೆ ಎಳೆದ ನಾಲ್ಕು ಕಾಲಂ. ತಾರೀಕು, ನಿಲ್ಲಿಸಿದ್ದು, ಬಿಟ್ಟಿದ್ದು, ಕಾರಣ. ಬೋರ್‌ವೆಲ್ ಮೋಟಾರಿಗೆ ಮನೆಯಲ್ಲಿ ಹೀಗೇ ಬರೆದಿಡುತ್ತಾರಂತೆ, ಅದೇ ಅಭ್ಯಾಸ. "೧೦.೫೦ ನಿಲ್ಲಿಸಿದೆ. ೧೧.೧೦ ಬಿಟ್ಟೆ. ಕಾರಣ: ದೀಪ ವಿಪರೀತ." "೩.೦೫ ನಿಲ್ಲಿಸಿದೆ. ೩.೩೦ ಬಿಟ್ಟೆ. ಕಾರಣ: ದೀಪ ಅತಿ ವಿಪರೀತ, ಬಿಸಿ." ನನ್ನ ಯಂತ್ರ ಬರೆದಿಟ್ಟ ಲೆಕ್ಕಕ್ಕೂ ಅವರ ಪುಸ್ತಕಕ್ಕೂ ಒಂದು ನಿಮಿಷದ ವ್ಯತ್ಯಾಸವಿರಲಿಲ್ಲ. ಇದ್ದ ವ್ಯತ್ಯಾಸ ಒಂದೇ. ನನ್ನದರಲ್ಲಿ ಕಾರಣದ ಕಾಲಂ ಇರಲಿಲ್ಲ. ಪುಟ ಹಿಂದಕ್ಕೆ ತಿರುವಿದೆ. ಎಲ್ಲಕ್ಕಿಂತ ಮೇಲೆ, ಮೊದಲ ಸೋಮವಾರದ ಎದುರು, ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಇವತ್ತಿನಿಂದ ದೀಪ ಹೆಚ್ಚಾಗಿದೆ." ಅದರ ಕೆಳಗೆ, ಗುರುವಾರದ್ದು: "ತುಮಕೂರಿಗೆ ಫೋನ್ ಮಾಡಿದೆ. ಮೇಡಂ ಬ್ಯುಸಿ."

ಆ ಸಾಲು ಓದಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಮನುಷ್ಯ ಸ್ವಭಾವ ನೋಡಿ, ನಾಚಿಕೆಯ ಬೆನ್ನಿಗೇ ಒಂದು ಉಪಾಯವೂ ಹೊಳೆಯಿತು. ಲ್ಯಾಪ್‌ಟಾಪ್ ತೆಗೆದು, ಮೊಬೈಲಿನ ನೆಟ್ಟಿನಿಂದ ತುಮಕೂರಿನ ಯಂತ್ರಕ್ಕೆ ಹೋಗಿ, ಪಿಂಗ್ ನಿಲ್ಲಿಸಿದೆ. ಬಾಕ್ಸು ಮತ್ತೆ ಆನ್ ಮಾಡಿದೆವು. ಹಸಿರು ದೀಪ ಶಾಂತವಾಗಿ ಒಂದು ಸಲ ಕಣ್ಣು ಬಿಟ್ಟು, ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ ಮಿಟುಕಿಸಿತು. ಗಂಗಾಧರಯ್ಯನವರ ಮುಖ ಅರಳಿತು. "ಅದಾ ನೋಡಿ! ತಿಳ್ದೋರು ಕೈ ಇಕ್ಕುದ್ರೆ ಹೆಂಗ್ ಸಮಾಧಾನ ಆಗೋಯ್ತು!" ಅಂದರು. ಈಗ ನಾನು ಸುಮ್ಮನಿದ್ದರೆ ಸಾಕು. ಬಾಕ್ಸಿನಲ್ಲಿ ದೋಷವಿತ್ತು, ನಾನೇ ಸರಿಮಾಡಿದೆ ಎಂದು ಸಾಹೇಬರಿಗೆ ಹೇಳಿದರೆ ವರ್ಗಾವಣೆಯೂ ನಿಲ್ಲುತ್ತದೆ, ನನಗೆ ಶಹಬ್ಬಾಸೂ ಸಿಗುತ್ತದೆ. ಸುಳ್ಳಾದರೂ ಎಷ್ಟು ಲಕ್ಷಣವಾದ ಸುಳ್ಳು! ಅದನ್ನು ನಾಲ್ಕು ಸಲ ಮನಸ್ಸಿನಲ್ಲೇ ಹೇಳಿನೋಡಿದೆ. ಹೇಳಿಯೂಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವರು ಪೆನ್ನು ತೆಗೆದು, ಆ ದಿನದ ಸಾಲಿನಲ್ಲಿ ಹೊತ್ತು ಬರೆದು, ಕಾರಣದ ಕಾಲಮ್ಮಿಗೆ ಬಂದು ನಿಂತು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಏನಾಗಿತ್ತು ತಾಯಿ ಇದುಕ್ಕೆ? ಏನಂತ ಬರ್‍ಕಳ್ಳಿ?"

ಆ ಪುಸ್ತಕದಲ್ಲಿ ಅದುವರೆಗೆ ಒಂದೂ ಸುಳ್ಳಿರಲಿಲ್ಲ. ಮೊದಲನೆಯದನ್ನು ನಾನು ಬರೆಸಬೇಕಿತ್ತು. ಆಗಲಿಲ್ಲ. ಅಜ್ಜಿಯಿಂದ, ಗೌರಕ್ಕನಿಂದ ಶುರುಮಾಡಿ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಓಹೋ, ನೀವು ಕೂಗ್ತಿದ್ರಾ" ಎಂದು ತಲೆದೂಗಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ, ಅದೇ ದುಂಡಗಿನ ಅಕ್ಷರದಲ್ಲಿ, ಪ್ರಿಂಟಿಗೆ ಕೊಡುವವರ ಹಾಗೆ ಬರೆದರು. ಕಾರಣ: ಮೇಡಂ.

ವಾಪಸು ಬಂದು ನೇರ ಸಾಹೇಬರ ಕೋಣೆಗೆ ಹೋದೆ. ನೋಟ್‌ಬುಕ್ಕನ್ನು ಕಡ ತಂದಿದ್ದೆ, ಅದನ್ನೇ ಮುಂದಿಟ್ಟು ಎಲ್ಲ ಒಪ್ಪಿಸಿದೆ. ಅವರು ಪುಟ ತಿರುವುತ್ತಾ, "ಅಂದ್ರೆ, ಲೈನ್ ಚೆನ್ನಾಗಿದೆಯಾ ಅಂತ ನೋಡೋಕೆ ಹೋಗಿ ಲೈನ್ ಕೆಡಿಸಿದ್ದು ನೀವು" ಅಂದರು.

"ಕೆಡಿಸಿಲ್ಲ ಸರ್. ಕೇಳ್ದೆ ಅಷ್ಟೇ. ಸ್ವಲ್ಪ ಜಾಸ್ತಿ ಕೇಳ್ದೆ."

"ಎಷ್ಟು ಸಲ?"

"ಸೆಕೆಂಡಿಗೆ ಐದು ಸಲ."

ಸಾಹೇಬರು ನೋಟ್‌ಬುಕ್ ಮುಚ್ಚಿದರು. ರೋಗಿಯ ಮನೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು. "ನಿಮ್ಮ ಯಜಮಾನರು ಚೆನ್ನಾಗಿದ್ದಾರಾ ಅಮ್ಮಾ?"

ವರ್ಗಾವಣೆ ರದ್ದಾಯಿತು. ನಾನೇ ಗುಬ್ಬಿಗೆ ಫೋನು ಮಾಡಿ ಹೇಳಿದೆ. "ಬುಡಿ ತಾಯಿ, ಹೋಗಿದ್ರೂ ಹೋಗ್ತಿದ್ದೆ" ಎಂದರು ಗಂಗಾಧರಯ್ಯನವರು. ಅವರು ಥ್ಯಾಂಕ್ಸ್ ಹೇಳುವ ಮೊದಲೇ ಲೈನು ಕಟ್ಟಾದ ಹಾಗೆ ನಟಿಸಿ ಇಟ್ಟುಬಿಟ್ಟೆ. ನನಗೆ ಸಿಕ್ಕ ಶಿಕ್ಷೆ ಎರಡು. ಪಿಂಗ್ ಇನ್ನು ಮೇಲೆ ಹತ್ತು ನಿಮಿಷಕ್ಕೊಂದು. ನಾನೂ ಗಂಗಾಧರಯ್ಯನವರ ಹಾಗೆ ನಾಲ್ಕು ಕಾಲಮ್ಮಿನ ಒಂದು ಪುಸ್ತಕ ಇಡಬೇಕು, ಅಂಕಿಯ ಪಕ್ಕದಲ್ಲಿ ಕಾರಣ ಬರೆಯಬೇಕು. ಕಾರಣ ಗೊತ್ತಿಲ್ಲದಿದ್ದರೆ ಆ ಊರಿಗೆ ಫೋನು ಮಾಡಿ ಕೇಳಬೇಕು. "ನಮ್ಮ ಕುಣಿಗಲ್ ಹೇಗಿದ್ರೂ ಮಾದರಿ, ಅದರ ಚಿಂತೆ ಇಲ್ಲ" ಎಂದು ಸಾಹೇಬರು ಸೇರಿಸಿದರು.

ಆ ಸಂಜೆ ಯಜಮಾನರು ಮನೆಗೆ ಬಂದವರೇ, "ನಿಮ್ಮ ಕುಣಿಗಲ್ ಸೆಂಟರಿನ ಹತ್ರ ಹೋಗಿದ್ದೆ ಕಣೇ, ಶುಗರ್ ಟೆಸ್ಟ್ ಮಾಡಿಸೋಣ ಅಂತ. ಬೀಗ ಹಾಕಿತ್ತು. ಪಕ್ಕದ ಅಂಗಡಿಯವರು ಹೇಳಿದ್ರು, ಅಲ್ಲಿನ ಹುಡುಗ ಮಂಜ ಬೆಳಿಗ್ಗೆ ಸ್ಯಾಂಪಲ್ ಬಸ್ಸಿಗೆ ಹಾಕಿ ಹತ್ತೂವರೆಗೆಲ್ಲಾ ಹುತ್ರಿದುರ್ಗಕ್ಕೆ ಹೋಗ್ತಾನಂತೆ. ಭಾವನ ಮದುವೆ ಓಡಾಟವಂತೆ, ಒಂದು ವಾರದಿಂದ. ಗಾಜಿನಲ್ಲಿ ಇಣುಕಿದೆ. ಒಳಗೆ ಒಂದು ಹಸಿರು ದೀಪ ಮಾತ್ರ ಮಿಣಮಿಣ ಅಂತಿತ್ತು" ಅಂದರು. ಸರ್ಕಾರಿ ಆಫೀಸುಗಳಲ್ಲಿ ಕುರ್ಚಿಯ ಬೆನ್ನಿಗೆ ಕೋಟು ನೇತುಹಾಕಿ ಹೋಗುವ ಗುಮಾಸ್ತರ ಕಥೆ ಕೇಳಿದ್ದೆ. ನಮ್ಮ ಮಂಜ ಕೋಟೂ ಇಲ್ಲದೆ ಅದನ್ನು ಸಾಧಿಸಿದ್ದ. ನಾನು ಒಂದು ವಾರ "ಇದೀಯಾ" ಎಂದು ಕೇಳಿದ್ದಕ್ಕೆಲ್ಲ "ಇದೀನಿ" ಎಂದದ್ದು ಖಾಲಿ ಕೋಣೆಯ ಗೋಡೆ. ಇದ್ದು ದುಡಿದ ಸೆಂಟರಿಗೆ ಕೆಂಪು ಗೆರೆ, ಇಲ್ಲದ್ದಕ್ಕೆ ಹಸಿರು. ಮಂಜನ ವಿಷಯ ನಾನು ಸಾಹೇಬರಿಗೆ ಹೇಳಿಲ್ಲ. ಮದುವೆ ಮುಗಿದ ಮೇಲೆ ನಾನೇ ಅವನಿಗೆ ಬೈಯುತ್ತೇನೆ. ನೀವೂ ಹೇಳಬೇಡಿ.

ಮಾರನೆಯ ದಿನ ಹೊಸ ನೋಟ್‌ಬುಕ್ಕಿಗೆ ಅರಿಸಿನ ಹಚ್ಚಿ, ಸ್ಕೇಲು ಇಟ್ಟು ಗೆರೆ ಎಳೆದು ಕೂತೆ. ಗುಬ್ಬಿ ಚೆನ್ನಾಗಿತ್ತು. ಕುಣಿಗಲ್ ಚೆನ್ನಾಗಿರುವುದಾಗಿ ಹೇಳಿಕೊಳ್ಳುತ್ತಿತ್ತು. ಹತ್ತು ನಿಮಿಷಕ್ಕೊಂದು ಪಿಂಗ್ ಎಂದರೆ ನಡುವಿನ ಒಂಬತ್ತು ಚಿಲ್ಲರೆ ನಿಮಿಷ ಏನು ಮಾಡಬೇಕೆಂದು ತಿಳಿಯದೆ, ಹನ್ನೊಂದು ಐದಕ್ಕೆ ಯಜಮಾನರಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಟವರ್ ಸರಿಯಿಲ್ಲ, ಪಾಪ, ಎಂದುಕೊಂಡೆ. ಅಷ್ಟರಲ್ಲಿ ಆ "ಪಾಪ" ಎಂಬ ಮಾತು, ಅಂಗೈ ಹಿಂಬದಿ, ನಿಧಾನವಾಗಿ ಸ್ವಿಚ್ಚಿಗೆ ಹೋದ ಬೆರಳು ಎಲ್ಲ ನೆನಪಾಯಿತು. ಟವರು ಇಲ್ಲದಿದ್ದರೆ ಫೋನು "ವ್ಯಾಪ್ತಿ ಪ್ರದೇಶದಲ್ಲಿಲ್ಲ" ಅನ್ನಬೇಕು. ಸ್ವಿಚ್ ಆಫ್ ಎಂದರೆ ಯಾರೋ ಕೈಯಾರೆ ಮಾಡಿದ್ದು. ನೆಟ್‌ವರ್ಕ್ ಕಸುಬಿನವಳಾದ ನನಗೆ ಇದು ಇಪ್ಪತ್ತು ವರ್ಷದಿಂದ ಗೊತ್ತಿರಬೇಕಾಗಿತ್ತು. ಗಣಿತದ ಮೇಷ್ಟ್ರು ದಿನಾ ಎರಡು ಗಂಟೆ ಕಾಯಿಲ್ ತಣ್ಣಗೆ ಮಾಡಿಕೊಳ್ಳುತ್ತಿದ್ದರು.

ನೋಟ್‌ಬುಕ್ ಎಳೆದುಕೊಂಡು ಮೊದಲನೆಯ ಸಾಲು ಬರೆದೆ. ತಾರೀಕು ಹಾಕಿದೆ. ನಿಲ್ಲಿಸಿದ್ದು: ೧೧.೦೫. ಬಿಟ್ಟಿದ್ದು: ಇನ್ನೂ ಇಲ್ಲ. ಕಾರಣದ ಕಾಲಮ್ಮಿಗೆ ಬಂದು ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಸಾಧ್ಯವಾದಷ್ಟು ದುಂಡಗೆ ಬರೆದೆ: ಮೇಡಂ.

ಎರಡು ನಿಮಿಷ ಸುಮ್ಮನೆ ಕೂತಿದ್ದೆ. ಪೂರ್ತಿ ಎರಡು ನಿಮಿಷ. ಆಮೇಲೆ, ಬರೆದದ್ದು ಸರಿಯೇ ಎಂದು ಖಚಿತಪಡಿಸಿಕೊಳ್ಳಲು ಅವರಿಗೆ ಇನ್ನೊಂದು ಸಲ ಫೋನು ಮಾಡಿದೆ.